ಫಾಸ್ಟ್ಯಾಗ್‌ನಿಂದ ಲೆಕ್ಕಕ್ಕೆ ಸಿಗದ ದುಡ್ಡು ಕಟ್ ಆದಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಗಾಡಿ ಮನೆ ಮುಂದೆ ನಿಂತಿದೆ. ಯಾವುದೋ ಊರಿನ ಟೋಲ್ ದಾಟಿದ್ದಕ್ಕೆ ದುಡ್ಡು ಕಟ್ ಆಗಿದೆ ಎಂದು ಮೆಸೇಜ್ ಬರುತ್ತದೆ. ಇಲ್ಲವೇ ದಿನವೂ ಓಡಾಡುವ ದಾರಿಯಲ್ಲೇ ಒಂದು ದಿನ ಒಂದೂವರೆ ಪಟ್ಟು ಹೋಗಿರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಟೋಲ್ ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಸಿಕ್ಕ ನಂಬರಿಗೆ ಫೋನ್ ಮಾಡುತ್ತಾರೆ. ಎರಡರಿಂದಲೂ ದುಡ್ಡು ವಾಪಸ್ ಬರುವುದು ಕಡಿಮೆ. ಕಟ್ ಆದ ಮೊತ್ತ, ಸ್ಟೇಟ್‌ಮೆಂಟಿನಲ್ಲಿರುವ ಎರಡು ಸಮಯ, ಟ್ಯಾಗ್ ಐಡಿ ಇವನ್ನು ಸರಿಯಾಗಿ ಓದಿಕೊಂಡರೆ ತಪ್ಪು ಎಲ್ಲಾಗಿದೆ ಎಂಬುದು ಬಹುಪಾಲು ಮನೆಯಲ್ಲಿ ಕೂತೇ ತಿಳಿಯುತ್ತದೆ.

ದುಡ್ಡು ಹೋಗುವ ದಾರಿ ಹೀಗಿದೆ. ಗಾಜಿಗೆ ಅಂಟಿಸಿದ ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಲೇನಿನ ಮೇಲಿರುವ ರೀಡರ್ ಕಳಿಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಐಡಿಯನ್ನು ತಿಳಿಸುತ್ತದೆ. ಟೋಲ್ ಪ್ಲಾಜಾದ ಸರ್ವರ್ ವಾಹನದ ವರ್ಗ ನೋಡಿ ದರ ನಿಗದಿ ಮಾಡಿ, ಟೋಲ್ ಪರವಾಗಿ ಹಣ ಪಡೆಯುವ ಬ್ಯಾಂಕಿಗೆ ಕಳಿಸುತ್ತದೆ. ಅಲ್ಲಿಂದ ಅದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಮೂಲಕ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಬರುತ್ತದೆ. ನೀವು ಮೊದಲೇ ರೀಚಾರ್ಜ್ ಮಾಡಿಟ್ಟ ಟ್ಯಾಗ್ ಖಾತೆಯಿಂದ, ಅಂದರೆ ವಾಲೆಟ್‌ನಿಂದ, ದುಡ್ಡು ತೆಗೆಯುವುದು ಈ ಕೊನೆಯ ಬ್ಯಾಂಕ್. ಬೂತಿನಲ್ಲಿ ಕೂತವರ ಕೈಯಲ್ಲಿ ನಿಮ್ಮ ವಾಲೆಟ್ ಇಲ್ಲ, ಅಲ್ಲಿಂದ ಅವರು ದುಡ್ಡು ಹಿಂದಿರುಗಿಸಲಾರರು. ಹಾಗಾಗಿ ದುಡ್ಡಿನ ದೂರು ಯಾವತ್ತೂ ಟ್ಯಾಗ್ ಕೊಟ್ಟ ಬ್ಯಾಂಕಿಗೇ ಹೋಗಬೇಕು.

ಮೊದಲು ಕೈಗೆತ್ತಿಕೊಳ್ಳಬೇಕಾದವು

ಮೆಸೇಜನ್ನು ನಂಬಿ ಮುಂದುವರಿಯಬೇಡಿ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ಪೋರ್ಟಲ್‌ಗೆ ಹೋಗಿ ಆ ತಿಂಗಳ ಪೂರ್ತಿ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಅದರಲ್ಲಿ ಪ್ಲಾಜಾದ ಹೆಸರು, ವಹಿವಾಟಿನ ಐಡಿ, ಮೊತ್ತ ಇರುತ್ತವೆ. ಜೊತೆಗೆ ಸಾಮಾನ್ಯವಾಗಿ ಎರಡು ಸಮಯ: ರೀಡರ್ ಟ್ಯಾಗನ್ನು ಓದಿದ ಸಮಯ ಮತ್ತು ದುಡ್ಡು ಕಟ್ ಆದ ಸಮಯ. ಇವೆರಡು ಬೇರೆಬೇರೆ ಎಂಬುದು ಗೊತ್ತಿಲ್ಲದೆಯೇ ಎಷ್ಟೋ ಜನ ಸುಳ್ಳು ಕಡಿತ ಎಂದು ದೂರು ಕೊಟ್ಟು, ತಿರಸ್ಕೃತವಾಗಿ, ನಿಜವಾದ ತೊಂದರೆ ಬಂದಾಗ ದೂರು ಕೊಡುವುದನ್ನೇ ಬಿಟ್ಟುಬಿಡುತ್ತಾರೆ.

ಆಮೇಲೆ ಎನ್‌ಪಿಸಿಐ ವೆಬ್‌ಸೈಟಿನಲ್ಲಿ ಫಾಸ್ಟ್ಯಾಗ್ ಸ್ಥಿತಿ ನೋಡುವ ಪುಟ ತೆರೆದು ಗಾಡಿಯ ನಂಬರ್ ಹಾಕಿ. ನಿಮ್ಮ ನಂಬರಿಗೆ ಯಾವ ಬ್ಯಾಂಕಿನ, ಯಾವ ಟ್ಯಾಗ್ ಐಡಿ ಜೋಡಣೆಯಾಗಿದೆ, ಚಾಲ್ತಿಯಲ್ಲಿದೆಯೋ ಇಲ್ಲವೋ, ವಾಹನದ ವರ್ಗ ಯಾವುದು ಎಂಬುದನ್ನು ಆ ಪುಟ ತೋರಿಸುತ್ತದೆ. ಅದರಲ್ಲಿರುವ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರವಾಗಿ ತಾಳೆ ನೋಡಿ. ಟ್ಯಾಗ್ ಮಾರುವ ಏಜೆಂಟ್ ಆತುರದಲ್ಲಿ 3ರ ಜಾಗದಲ್ಲಿ 8 ಒತ್ತಿದ್ದರೆ ವರ್ಷಗಟ್ಟಲೆ ಗೊತ್ತಾಗದೆ ಉಳಿದುಬಿಡಬಹುದು.

ಒಂದು ಎಚ್ಚರಿಕೆ: ಪರೀಕ್ಷೆಗೆಂದು ಟ್ಯಾಗನ್ನು ಗಾಜಿನಿಂದ ಕಿತ್ತು ನೋಡಬೇಡಿ. ಕಿತ್ತರೆ ಒಳಗಿನ ಆಂಟೆನಾ ಹರಿಯುವಂತೆಯೇ ಅದನ್ನು ಮಾಡಿರುತ್ತಾರೆ. ಮತ್ತೆ ಅಂಟಿಸಿದರೂ ಓದದು.

ಲಕ್ಷಣ: ದುಡ್ಡು ಹೋಗಿದೆ, ಆದರೆ ಯಾವ ಟೋಲ್ ಹೆಸರೂ ಇಲ್ಲ

ಉಳಿತಾಯ ಖಾತೆಯಿಂದ 500 ಅಥವಾ 1,000ದಂಥ ದುಂಡು ಮೊತ್ತ ಹೋಗಿದ್ದರೆ ಅದು ಟೋಲ್ ಆಗಿರುವುದಿಲ್ಲ, ಆಟೊ ರೀಚಾರ್ಜ್ ಆಗಿರುತ್ತದೆ. ಬ್ಯಾಲೆನ್ಸ್ ಒಂದು ಮಿತಿಗಿಂತ ಇಳಿದ ಕೂಡಲೇ ವಾಲೆಟ್ ತಾನಾಗಿ ತುಂಬಿಕೊಳ್ಳುವ ಈ ಏರ್ಪಾಟಿಗೆ ಮುಂಚಿತ ಸೂಚನೆ ಕೊಡಬೇಕಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ವಿನಾಯಿತಿ ಕೊಟ್ಟಿದೆ. ಹಾಗಾಗಿ ಮೆಸೇಜ್ ಬರುವುದು ದುಡ್ಡು ಹೋದ ಮೇಲೇ. ಬೇಡವಾದರೆ ಆ್ಯಪ್‌ನಲ್ಲಿ ಆ ಮ್ಯಾಂಡೇಟ್ (ತಾನಾಗಿ ದುಡ್ಡು ತೆಗೆಯಲು ಕೊಟ್ಟ ಒಪ್ಪಿಗೆ) ರದ್ದು ಮಾಡಿ. ರೀಚಾರ್ಜ್ ಆದ ದುಡ್ಡು ವಾಲೆಟ್‌ನಲ್ಲೇ ಇರುತ್ತದೆ.

500 ಹಾಕಿದಿರಿ, ಬ್ಯಾಲೆನ್ಸ್ 360 ತೋರಿಸುತ್ತಿದೆ ಎಂದರೆ ಹಿಂದಿನ ಒಂದು ಪ್ರಯಾಣದಲ್ಲಿ ವಾಲೆಟ್ ಖಾಲಿಯಾಗಿದ್ದು, ಕೊರತೆ ಬಿದ್ದದ್ದನ್ನು ಬ್ಯಾಂಕ್ ನಿಮ್ಮ ಭದ್ರತಾ ಠೇವಣಿಯಿಂದ ಭರಿಸಿದೆ. ಕಾರುಗಳಿಗೆ ಕನಿಷ್ಠ ಬ್ಯಾಲೆನ್ಸ್ ಇಡಬೇಕೆಂಬ ಷರತ್ತನ್ನು 2021ರ ಫೆಬ್ರುವರಿಯಲ್ಲಿ ತೆಗೆದ ಮೇಲೆ ಈ ಪದ್ಧತಿ ಬಂತು. ಮುಂದಿನ ರೀಚಾರ್ಜ್‌ನಲ್ಲಿ ಮೊದಲು ಠೇವಣಿ ತುಂಬಿಕೊಳ್ಳುತ್ತದೆ. ಇದರಲ್ಲಿ ದೋಷವೇನೂ ಇಲ್ಲ.

ಮಾಲ್, ವಿಮಾನ ನಿಲ್ದಾಣಗಳ ಪಾರ್ಕಿಂಗ್‌ನಲ್ಲೂ ಫಾಸ್ಟ್ಯಾಗ್ ನಡೆಯುತ್ತದೆ. ಗೊತ್ತಿಲ್ಲದ ಹೆಸರು ಕಂಡರೆ ಅಂದು ಗಾಡಿ ಎಲ್ಲಿ ನಿಲ್ಲಿಸಿದ್ದಿರಿ ಎಂದೊಮ್ಮೆ ನೆನಪು ಮಾಡಿಕೊಳ್ಳಿ.

ಲಕ್ಷಣ: ಇಂದು ಎಲ್ಲಿಗೂ ಹೋಗಿಲ್ಲ, ಆದರೆ ಹಿಂದಿನ ದಿನ ಹೋಗಿದ್ದಿರಿ

ಪ್ಲಾಜಾದ ನೆಟ್‌ವರ್ಕ್ ಕೈಕೊಟ್ಟಾಗ ಗಾಡಿಗಳನ್ನು ಬಿಟ್ಟು, ಓದಿದ ಐಡಿಗಳನ್ನು ಕೂಡಿಟ್ಟು, ಸಂಪರ್ಕ ಬಂದ ಮೇಲೆ ಒಟ್ಟಿಗೆ ಕಳಿಸುತ್ತಾರೆ. ಕಟ್ ಆದ ಸಮಯ ರಾತ್ರಿ 2 ಗಂಟೆ, ರೀಡರ್ ಓದಿದ ಸಮಯ ಹಿಂದಿನ ದಿನ ಮಧ್ಯಾಹ್ನ ಎಂದಿದ್ದರೆ ಇದೇ ಕಾರಣ. ದುಡ್ಡು ನ್ಯಾಯವಾದದ್ದೇ.

ಪ್ಲಾಜಾದ ಹೆಸರೂ ಗೊಂದಲ ಮಾಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿ ಕಡೆಯ ಭಾಗಕ್ಕೆ ಮೈಸೂರಿನತ್ತ ಹೋಗುವವರ ಟೋಲ್ ಕಣಿಮಿಣಿಕೆ, ಬೆಂಗಳೂರಿನತ್ತ ಬರುವವರದು ಶೇಷಗಿರಿಹಳ್ಳಿ. ಒಂದೇ ರಸ್ತೆ, ಎರಡು ಹೆಸರು. ಟೋಲ್‌ಗಳಿಗೆ ಸಾಮಾನ್ಯವಾಗಿ ಪಕ್ಕದ ಸಣ್ಣ ಹಳ್ಳಿಯ ಹೆಸರಿರುವುದರಿಂದ, ‘ಈ ಊರಿಗೆ ನಾನು ಹೋಗೇ ಇಲ್ಲ’ ಅನ್ನುವ ಮುಂಚೆ ಆ ಹೆಸರನ್ನು ನಕ್ಷೆಯಲ್ಲಿ ಹುಡುಕಿ. ನೀವು ಹೋದ ದಾರಿಯ ಮೇಲೇ ಅದು ಇದ್ದರೆ ಅಲ್ಲಿಗೆ ವಿಚಾರ ಮುಗಿಯಿತು.

ಲಕ್ಷಣ: ದಾಟಿದ್ದು ನಿಜ, ಮೊತ್ತ ಮಾತ್ರ ತಪ್ಪು

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಕಟ್ ಆದ ಮೊತ್ತವನ್ನು ಆ ಪ್ಲಾಜಾದಲ್ಲಿ ನಿಮ್ಮ ವರ್ಗದ ವಾಹನದ ಒಂದು ಕಡೆಯ ದರದಿಂದ ಭಾಗಿಸಿ. ದರಪಟ್ಟಿ ಪ್ಲಾಜಾಕ್ಕೆ ಮುಂಚೆ ಬೋರ್ಡಿನಲ್ಲಿರುತ್ತದೆ. ಹೆದ್ದಾರಿ ಪ್ರಾಧಿಕಾರದ ಟೋಲ್ ಮಾಹಿತಿ ತಾಣದಲ್ಲೂ ಪ್ಲಾಜಾವಾರು ಸಿಗುತ್ತದೆ. ಭಾಗಿಸಿದಾಗ ಬರುವ ಅಂಕಿಯೇ ಕಾರಣವನ್ನು ಹೇಳಿಬಿಡುತ್ತದೆ.

ಅರ್ಧ ಬಂದರೆ, 24 ಗಂಟೆಯೊಳಗೆ ಮರಳಿದ ರಿಯಾಯಿತಿ. ಹೋಗಿಬರುವ ಪ್ರಯಾಣಕ್ಕೆ ಒಟ್ಟು ಒಂದೂವರೆ ಪಟ್ಟು ದರ. ಹೋಗುವಾಗ ಪೂರ್ತಿ, ಬರುವಾಗ ಅರ್ಧ ಕಟ್ ಆಗುತ್ತದೆ. ಮರಳುವಾಗಲೂ ಪೂರ್ತಿ ಹೋಗಿದ್ದರೆ ಎರಡೂ ಸಲದ ರೀಡರ್ ಸಮಯ ನೋಡಿ. 24 ಗಂಟೆ ಮೀರಿದ್ದರೆ ಐದೇ ನಿಮಿಷ ತಡವಾದರೂ ರಿಯಾಯಿತಿ ಇಲ್ಲ. ಮೀರಿಲ್ಲದಿದ್ದರೆ ವ್ಯತ್ಯಾಸದ ಮೊತ್ತ ಕೇಳಿ ದೂರು ಕೊಡಿ.

ಒಂದಕ್ಕಿಂತ ಚೂರೇ ಹೆಚ್ಚು, ಅಂದರೆ 5 ಅಥವಾ 10 ರೂಪಾಯಿ ವ್ಯತ್ಯಾಸ ಬಂದರೆ ತಾರೀಖು ನೋಡಿ. ರಾಷ್ಟ್ರೀಯ ಹೆದ್ದಾರಿ ದರಗಳು ಸಾಮಾನ್ಯವಾಗಿ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತವೆ (2024ರಲ್ಲಿ ಲೋಕಸಭಾ ಚುನಾವಣೆಯಿಂದಾಗಿ ಜೂನ್ 3ಕ್ಕೆ ಹೋಯಿತು). ದರವನ್ನು ಹತ್ತಿರದ 5 ರೂಪಾಯಿಗೆ ಸರಿಹೊಂದಿಸುವುದರಿಂದ ಏರಿಕೆ ಕಂಡರೆ 5ರ ಲೆಕ್ಕದಲ್ಲೇ ಕಾಣುತ್ತದೆ.

ಸುಮಾರು 1.6 ಬಂದರೆ ನಿಮ್ಮ ಕಾರನ್ನು ಲಘು ವಾಣಿಜ್ಯ ವಾಹನ ಎಂದು ಹಿಡಿದಿದ್ದಾರೆ. ಸುಮಾರು 3.4 ಬಂದರೆ ಬಸ್ಸು ಅಥವಾ ಎರಡು ಆ್ಯಕ್ಸಲ್ ಲಾರಿ ಎಂದು. ಹೀಗೆ ಹೇಳಲು ಆಧಾರ 2008ರ ಹೆದ್ದಾರಿ ಶುಲ್ಕ ನಿಯಮಗಳ ಮೂಲ ದರ: ಕಿಲೋಮೀಟರಿಗೆ ಕಾರು, ಜೀಪು, ವ್ಯಾನಿಗೆ 65 ಪೈಸೆ, ಲಘು ವಾಣಿಜ್ಯ ವಾಹನಕ್ಕೆ 1.05 ರೂಪಾಯಿ, ಬಸ್ಸು–ಲಾರಿಗೆ 2.20 ರೂಪಾಯಿ. ಆಮೇಲೆ ದರ ಎಷ್ಟೇ ಏರಿದರೂ ಈ ಅನುಪಾತ ಹೆಚ್ಚುಕಡಿಮೆ ಹಾಗೇ ಉಳಿದಿದೆ. ದೊಡ್ಡ ಸೇತುವೆ, ಸುರಂಗ ಇರುವ ಕಡೆ ಲೆಕ್ಕ ಬೇರೆ ಇರುವುದರಿಂದ ಅಂಕಿ ಸ್ವಲ್ಪ ಆಚೀಚೆ ಆದೀತು.

ವರ್ಗ ತಪ್ಪುವುದು ಎರಡು ಕಡೆ. ಒಂದು, ಟ್ಯಾಗ್ ಕೊಡುವಾಗಲೇ ತಪ್ಪು ವರ್ಗ ದಾಖಲಾಗಿರುವುದು. ವರ್ಗಕ್ಕೊಂದು ಸಂಕೇತವಿದೆ: ಕಾರು, ಜೀಪು, ವ್ಯಾನಿಗೆ ವಿಸಿ4. ಲಘು ವಾಣಿಜ್ಯ ವಾಹನಕ್ಕೆ ವಿಸಿ5. ಟಾಟಾ ಏಸ್‌ನಂಥ ಪುಟ್ಟ ಸರಕು ಗಾಡಿಗೆ ವಿಸಿ20. ಇದನ್ನು ಎನ್‌ಪಿಸಿಐ ಪುಟದಲ್ಲಿ ನೋಡಿದರೆ ಸಾಕು. ಹೀಗಿದ್ದರೆ ಎಲ್ಲ ಟೋಲ್‌ಗಳಲ್ಲೂ ಒಂದೇ ರೀತಿ ಹೆಚ್ಚು ಹೋಗುತ್ತಿರುತ್ತದೆ. ಆರ್‌ಸಿ ಪ್ರತಿ ಕೊಟ್ಟು ವರ್ಗ ತಿದ್ದಿಸಿಕೊಳ್ಳಬೇಕು. ತಿದ್ದದೆ ಬರೀ ರೀಫಂಡ್ ಕೇಳುತ್ತಾ ಹೋದರೆ ಮುಂದಿನ ಟೋಲ್‌ನಲ್ಲಿ ಮತ್ತೆ ಅದೇ. ಸರಕು ಗಾಡಿಗೆ ಕಾರಿನ ವರ್ಗದ ಟ್ಯಾಗ್ ಹಾಕಿಕೊಂಡವರಿಗೆ ಇದು ತಿರುಗಿ ಬೀಳುತ್ತದೆ: ಕಡಿಮೆ ಹೋಗುತ್ತಿದೆ ಎಂದು ಸುಮ್ಮನಿದ್ದರೆ ಒಂದು ದಿನ ವ್ಯತ್ಯಾಸದ ಮೊತ್ತ ವಸೂಲಾಗಬಹುದು, ಟ್ಯಾಗೂ ಬ್ಲ್ಯಾಕ್‌ಲಿಸ್ಟ್ ಆಗಬಹುದು, ಅಂದರೆ ಬಳಸದಂತೆ ತಡೆಯಾಗಬಹುದು.

ಇನ್ನೊಂದು, ಲೇನಿನಲ್ಲಿರುವ ವರ್ಗೀಕರಣ ಯಂತ್ರ ತಪ್ಪುವುದು. ಆ್ಯಕ್ಸಲ್ ಎಷ್ಟು, ಗಾಡಿಯ ಆಕಾರ ಎಂಥದ್ದು ಎಂಬುದನ್ನು ಅದು ಸೆನ್ಸರ್‌ಗಳಿಂದ ಲೆಕ್ಕ ಹಾಕುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡಂತೆ ಹೋದರೆ ಎರಡು ಕಾರುಗಳನ್ನು ನಾಲ್ಕು ಆ್ಯಕ್ಸಲ್‌ನ ಒಂದೇ ಉದ್ದನೆಯ ವಾಹನ ಎಂದು ಅದು ಎಣಿಸಬಹುದು. ಹಿಂದೆ ಟ್ರೈಲರ್ ಕಟ್ಟಿಕೊಂಡಿದ್ದರೂ, ಚಾವಣಿ ಮೇಲೆ ಎತ್ತರಕ್ಕೆ ಸಾಮಾನು ಪೇರಿಸಿದ್ದರೂ ಗೊಂದಲವಾದೀತು. ಇದರ ಗುರುತು, ಒಂದೇ ಪ್ಲಾಜಾದಲ್ಲಿ ಒಂದೇ ಸಲ ತಪ್ಪಿರುವುದು. ಕೆಲವೊಮ್ಮೆ ಮೊದಲು ಸರಿಯಾದ ಮೊತ್ತ ಹೋಗಿ, ನಂತರ ವ್ಯತ್ಯಾಸ ಬೇರೆ ನಮೂದಾಗಿ ಹೋಗಿರುವುದು. ಲೇನಿನ ಫೋಟೊ ತರಿಸಿ ಎಂದು ಬ್ಯಾಂಕಿಗೆ ಬರೆಯಿರಿ. ಫೋಟೊದಲ್ಲಿ ಕಾರು ಕಂಡರೆ ವಾದಕ್ಕೆ ಜಾಗವಿಲ್ಲ.

ಸರಿಯಾಗಿ ಎರಡು ಪಟ್ಟು ವಾಲೆಟ್‌ನಿಂದಲೇ, ಒಂದೇ ನಮೂದಾಗಿ ಹೋಗಿದ್ದರೆ ನೇರ ದೂರು ಕೊಡಿ. ಎರಡು ಪಟ್ಟು ದರವಿರುವುದು ಚಾಲ್ತಿ ಟ್ಯಾಗ್ ಇಲ್ಲದೆ ಬಂದವರಿಗೆ, ಅದನ್ನು ವಸೂಲು ಮಾಡುವುದೂ ಬೂತಿನಲ್ಲಿ. 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದ ಪ್ರಕಾರ ಹಾಗೆ ಬಂದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ 1.25 ಪಟ್ಟು. ಸ್ಕ್ಯಾನ್ ಆಗಲಿಲ್ಲವೆಂದು ಯುಪಿಐ ಮಾಡಿದ್ದು ಮರೆತು, 100ರ ಜಾಗದಲ್ಲಿ 125 ಹೇಗೆ ಹೋಯಿತು ಎಂದು ತಲೆಕೆಡಿಸಿಕೊಳ್ಳುವವರಿಗೆ ಉತ್ತರ ಇಲ್ಲಿದೆ.

ಲಕ್ಷಣ: ಒಂದೇ ಟೋಲ್‌ನಲ್ಲಿ ಎರಡು ಸಲ ಹೋಗಿದೆ

ಎರಡೂ ನಮೂದುಗಳ ವಹಿವಾಟಿನ ಐಡಿ ಮತ್ತು ರೀಡರ್ ಸಮಯ ಪಕ್ಕಪಕ್ಕ ಇಟ್ಟು ನೋಡಿ. ರೀಡರ್ ಸಮಯ ಒಂದೇ ಆಗಿದ್ದು ಕಟ್ ಆದ ಸಮಯ ಬೇರೆ ಇದ್ದರೆ ಒಂದೇ ವಹಿವಾಟನ್ನು ಎರಡು ಬಾರಿ ಕಳಿಸಿದ್ದಾರೆ. ಸಾಕ್ಷ್ಯ ಸ್ಟೇಟ್‌ಮೆಂಟಿನಲ್ಲೇ ಇರುವುದರಿಂದ ಇಂಥ ರೀಫಂಡ್ ಸಲೀಸು. ರೀಡರ್ ಸಮಯದಲ್ಲಿ ಕೆಲವೇ ನಿಮಿಷದ ಅಂತರವಿದ್ದರೆ ಒಂದು ಲೇನಿನಲ್ಲಿ ಓದಿಸಿ, ಅದು ಮುಚ್ಚಿದೆ ಎಂದು ಪಕ್ಕದ ಲೇನಿಗೆ ಕಳಿಸಿದ್ದರೇ ನೆನಪು ಮಾಡಿಕೊಳ್ಳಿ. ಅಂತರ ಗಂಟೆಗಳಷ್ಟಿದ್ದರೆ ಮನೆಯ ಬೇರೆಯವರು ಗಾಡಿ ತೆಗೆದುಕೊಂಡು ಹೋಗಿದ್ದರೋ ಕೇಳಿ.

ನಗದೂ ಕೊಟ್ಟಿರಿ, ಟ್ಯಾಗ್‌ನಿಂದಲೂ ಹೋಯಿತು ಎಂಬ ಪ್ರಕರಣ ಬೇರೆ. ಸ್ಕ್ಯಾನ್ ಆಗಲಿಲ್ಲವೆಂದು ಸಿಬ್ಬಂದಿ ದುಡ್ಡು ತೆಗೆದುಕೊಂಡಿರುತ್ತಾರೆ, ಅಷ್ಟರಲ್ಲಿ ರೀಡರ್ ಐಡಿ ಓದಿ ಕಳಿಸಿರುತ್ತದೆ. ಇಲ್ಲಿ ರಸೀದಿಯೇ ಎಲ್ಲ. ರಸೀದಿ ಇಲ್ಲದೆ ಬೂತಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರ ಮೇಲಿನ ಅಕ್ಷರ ಕೆಲವೇ ವಾರಗಳಲ್ಲಿ ಮಾಸಿಹೋಗುವುದರಿಂದ ಅಂದೇ ಫೋಟೊ ತೆಗೆದಿಟ್ಟುಕೊಳ್ಳಿ.

ಲಕ್ಷಣ: ಗಾಡಿ ನಿಂತಲ್ಲೇ ಇದೆ, ರೀಡರ್ ಸಮಯವೂ ಇಂದಿನದೇ

ಮೊದಲ ಪ್ರಶ್ನೆ: ಸ್ಟೇಟ್‌ಮೆಂಟಿನಲ್ಲಿರುವ ಗಾಡಿ ನಂಬರ್ ನಿಮ್ಮ ಈಗಿನ ಗಾಡಿಯದೇ? ಒಂದೇ ವಾಲೆಟ್‌ಗೆ ಎರಡು ಮೂರು ಗಾಡಿಗಳು ಸೇರಿಕೊಂಡಿರುವುದು ಸಾಮಾನ್ಯ. ಮಾರಿದ ಗಾಡಿಯ ಟ್ಯಾಗ್ ಮುಚ್ಚದೆ ಬಿಟ್ಟಿದ್ದರೆ ಹೊಸ ಮಾಲೀಕರ ಟೋಲ್ ನಿಮ್ಮ ಜೇಬಿನಿಂದ ಹೋಗುತ್ತಿರುತ್ತದೆ. ಅವರು ನಿಮ್ಮ ಟ್ಯಾಗನ್ನೇ ಬಳಸಿದ್ದಾರೆ, ಪ್ಲಾಜಾ ಸರಿಯಾಗಿಯೇ ಓದಿದೆ. ಈ ದುಡ್ಡು ಬ್ಯಾಂಕಿನಿಂದ ವಾಪಸ್ ಬರುವುದು ಕಷ್ಟ. ಇಂದೇ ಟ್ಯಾಗ್ ಮುಚ್ಚಲು ಕೋರಿಕೆ ಕೊಡಿ, ಉಳಿದ ಬ್ಯಾಲೆನ್ಸ್ ಮತ್ತು ಠೇವಣಿ ಹಿಂದಿರುಗುತ್ತವೆ. ಗಾಡಿ ಮಾರುವಾಗ ಕೀಲಿ ಕೊಡುವ ಮುನ್ನ ಟ್ಯಾಗ್ ಮುಚ್ಚಿಸುವುದೇ ಸರಿಯಾದ ಕ್ರಮ.

ನಂಬರ್ ನಿಮ್ಮದೇ ಆದರೆ, ಟ್ಯಾಗ್ ಎಲ್ಲಿದೆ ನೋಡಿ. ಗಾಜು ಬದಲಿಸಿದಾಗ ಹಳೆಯ ಟ್ಯಾಗ್ ಗ್ಯಾರೇಜಿನಲ್ಲೇ ಉಳಿದಿತ್ತೆ? ಅಂಟಿಸದೆ ಬ್ಯಾಗಿನಲ್ಲಿಟ್ಟ ಟ್ಯಾಗ್ ಬೇರೆಯವರ ಕಾರಿನಲ್ಲಿ ಹೋಗಿತ್ತೆ? ಕೆಟ್ಟ ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿದ್ದರೂ ರೀಡರ್ ಅದರ ಟ್ಯಾಗನ್ನು ಓದಬಲ್ಲದು. ಅಂಟಿಸದ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಹೇಳಿದ್ದು ಇಂಥ ಗೋಜಲುಗಳಿಂದಾಗಿಯೂ ಹೌದು.

ಇದ್ಯಾವುದೂ ಅಲ್ಲವೆಂದಾದರೆ, ಬೇರೆ ಗಾಡಿಯ ಟ್ಯಾಗ್ ಓದದೆ ಸಿಬ್ಬಂದಿ ಕೈಯಿಂದ ನಂಬರ್ ಒತ್ತುವಾಗ ಒಂದು ಅಂಕಿ ತಪ್ಪಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ನಿಂತ ಗಾಡಿಗೆ ಟೋಲ್ ಬೀಳುವ ಮುಖ್ಯ ಕಾರಣ ಇದೇ. ಹೆದ್ದಾರಿ ಪ್ರಾಧಿಕಾರದ ಅಂಗಸಂಸ್ಥೆಯಾದ ಐಎಚ್‌ಎಂಸಿಎಲ್ ಇಂಥ ಪ್ರತಿ ಪ್ರಕರಣಕ್ಕೆ ಟೋಲ್ ನಡೆಸುವವರಿಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ ಹಾಕುತ್ತದೆ. ಕನಿಷ್ಠ 250 ಪ್ರಕರಣಗಳಲ್ಲಿ ದಂಡ ಬಿದ್ದಿದೆ ಎಂದು 2025ರ ಜನವರಿಯಲ್ಲಿ ಸರ್ಕಾರವೇ ತಿಳಿಸಿತ್ತು. ಅಂದರೆ 85 ರೂಪಾಯಿಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುವ ವಿಷಯ ಇದಲ್ಲ. ಬ್ಯಾಂಕಿಗೂ ದೂರು ಕೊಡಿ, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೂ ಕರೆ ಮಾಡಿ.

ಸಾಕ್ಷ್ಯಕ್ಕೆ ಆ ಸಮಯದಲ್ಲಿ ಗಾಡಿ ಬೇರೆಡೆ ಇತ್ತೆಂದು ತೋರಿಸುವ ಏನಾದರೂ ಸಾಕು: ಅಪಾರ್ಟ್‌ಮೆಂಟಿನ ಸಿಸಿಟಿವಿ ದೃಶ್ಯ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಅದೇ ಹೊತ್ತಿಗೆ ದೂರದ ಇನ್ನೊಂದು ಟೋಲ್ ದಾಟಿದ ನಮೂದು. ಸಿಸಿಟಿವಿ ದೃಶ್ಯಗಳು ಬೇಗ ಅಳಿಸಿಹೋಗುವುದರಿಂದ ಮೊದಲು ಅದನ್ನು ಉಳಿಸಿಕೊಳ್ಳಿ.

ಇಲ್ಲೊಂದು ಕಡೆ ನೀವು ನಿಲ್ಲಲೇಬೇಕು. ಪ್ಲಾಜಾದ ಫೋಟೊದಲ್ಲಿ ನಿಮ್ಮದೇ ನಂಬರ್ ಪ್ಲೇಟಿನ ಬೇರೆ ಗಾಡಿ ಕಂಡರೆ ಅದು ಟೋಲ್ ವಿಚಾರವಾಗಿ ಉಳಿಯುವುದಿಲ್ಲ. ಯಾರೋ ನಿಮ್ಮ ನಂಬರ್ ನಕಲು ಮಾಡಿ ಓಡಾಡುತ್ತಿದ್ದಾರೆ. ನಾಳೆ ಅಪಘಾತವಾದರೂ ಅಪರಾಧವಾದರೂ ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಆ ಗಾಡಿಯನ್ನು ನೀವೇ ಪತ್ತೆ ಮಾಡಲು ಹೊರಡದೆ, ಫೋಟೊ ಸಮೇತ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ; ಆರ್‌ಟಿಒ ಕಚೇರಿಗೂ ಒಂದು ಪ್ರತಿ ಕೊಡಿ.

ಸಿಗ್ನಲ್‌ನಲ್ಲಿ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಸ್ಕ್ಯಾನ್ ಮಾಡಿ ದುಡ್ಡು ಕದ್ದ ಎಂಬ ವಿಡಿಯೊ 2022ರಲ್ಲಿ ಎಲ್ಲೆಡೆ ಹರಿದಾಡಿತ್ತು. ಅದು ಸುಳ್ಳು. ನೋಂದಾಯಿತ ಟೋಲ್, ಪಾರ್ಕಿಂಗ್‌ನಂಥ ವ್ಯಾಪಾರಿಗಳಿಗೆ ಮಾತ್ರ ಈ ವ್ಯವಸ್ಥೆಯಲ್ಲಿ ಹಣ ಹೋಗುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ದಾರಿಯೇ ಇಲ್ಲ ಎಂದು ಎನ್‌ಪಿಸಿಐ ಆಗಲೇ ಸ್ಪಷ್ಟಪಡಿಸಿದೆ. ಆ ಅನುಮಾನದ ಹಿಂದೆ ಹೋಗಿ ಸಮಯ ಕಳೆಯಬೇಡಿ.

ಲಕ್ಷಣ: ಬ್ಯಾಲೆನ್ಸ್ ಇದೆ, ಆದರೂ ಬೂತಿನಲ್ಲಿ ಎರಡು ಪಟ್ಟು ಕೇಳಿದರು

ಬೂತಿನ ಪರದೆಯಲ್ಲಿ ಏನು ಬರುತ್ತಿದೆ ಎಂದು ಕೇಳಿ. ‘ಬ್ಲ್ಯಾಕ್‌ಲಿಸ್ಟ್’ ಎಂದರೆ ಟ್ಯಾಗನ್ನು ಓದಿದೆ, ಬ್ಯಾಂಕ್ ತಡೆದಿದೆ. ಏನೂ ಬರುತ್ತಿಲ್ಲವೆಂದರೆ ಓದೇ ಇಲ್ಲ.

ಬ್ಲ್ಯಾಕ್‌ಲಿಸ್ಟ್‌ಗೆ ಕಡಿಮೆ ಬ್ಯಾಲೆನ್ಸ್, ಬಾಕಿ ಉಳಿದ ಕೆವೈಸಿ, ಆರ್‌ಸಿ ದಾಖಲೆಯ ಜೊತೆ ತಾಳೆಯಾಗದ ವಿವರ, ಒಂದೇ ಗಾಡಿಗೆ ಎರಡು ಟ್ಯಾಗ್ ಇವು ಕಾರಣ. ಲೇನಿನಲ್ಲಿ ನಿಂತು ರೀಚಾರ್ಜ್ ಮಾಡಿದರೆ ಕೂಡಲೇ ಸರಿಹೋಗುತ್ತದೆಯೇ? ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಟ್ಯಾಗ್‌ನ ಸ್ಥಿತಿ ತಕ್ಷಣ ತಲುಪುತ್ತದೆ, ಹಾಗಾಗಿ ದಾಟುವ ಮುನ್ನ ಯಾವಾಗ ಬೇಕಾದರೂ ರೀಚಾರ್ಜ್ ಮಾಡಬಹುದು ಎನ್ನುವುದು ಪ್ರಾಧಿಕಾರದ ಹೇಳಿಕೆ. ಹಳೆಯ ವ್ಯವಸ್ಥೆ ಉಳಿದಿರುವ ರಾಜ್ಯ ಹೆದ್ದಾರಿ ಟೋಲ್‌ಗಳಲ್ಲಿ ಮಾತ್ರ 2025ರ ಫೆಬ್ರುವರಿ 17ರ ನಿಯಮ ಕಾಡುತ್ತದೆ: ರೀಡರ್ ಓದುವುದಕ್ಕೆ 60 ನಿಮಿಷಕ್ಕೂ ಮುಂಚಿನಿಂದ ಟ್ಯಾಗ್ ತಡೆಯಲ್ಲಿದ್ದು, ಓದಿದ 10 ನಿಮಿಷದ ನಂತರವೂ ತಡೆಯಲ್ಲೇ ಇದ್ದರೆ ವಹಿವಾಟು ತಿರಸ್ಕಾರ. ಹೊರಡುವ ಹಿಂದಿನ ರಾತ್ರಿಯೇ ಸ್ಥಿತಿ ನೋಡಿಕೊಳ್ಳುವುದು ಕ್ಷೇಮ.

ಟ್ಯಾಗ್ ಸರಿಯಿದೆ, ಬ್ಯಾಲೆನ್ಸ್ ಇದೆ, ಪ್ಲಾಜಾದ ರೀಡರೇ ಕೆಟ್ಟಿದೆ ಎಂದಾದರೆ ನೀವು ದುಡ್ಡು ಕೊಡಬೇಕಾಗಿಲ್ಲ. 2018ರ ತಿದ್ದುಪಡಿಯ ಪ್ರಕಾರ ಅಂಥ ವಾಹನವನ್ನು ಶುಲ್ಕವಿಲ್ಲದೆ ಬಿಟ್ಟು, ಶೂನ್ಯ ಮೊತ್ತದ ರಸೀದಿ ಕೊಡಬೇಕು. ಮೊದಲು ಹ್ಯಾಂಡ್ ಸ್ಕ್ಯಾನರ್‌ನಿಂದ ಓದಿಸಲು ಹೇಳಿ. ನಿಮ್ಮ ಮುಂದಿನ, ಹಿಂದಿನ ಗಾಡಿಗಳೂ ಓದದಿದ್ದರೆ ತಪ್ಪು ರೀಡರಿನದು. ನಿಮ್ಮದೊಂದೇ ಓದದೆ, ಬೇರೆ ಟೋಲ್‌ಗಳಲ್ಲೂ ಹೀಗೇ ಆಗುತ್ತಿದ್ದರೆ ಟ್ಯಾಗ್ ಸವೆದಿದೆ. ಇಲ್ಲವೇ ಗಾಜಿನ ಲೋಹದ ಲೇಪನ ಅಥವಾ ಹಿಂಬದಿ ನೋಡುವ ಕನ್ನಡಿಯ ಬುಡ ಅಡ್ಡ ಬರುತ್ತಿದೆ. ಬ್ಯಾಂಕಿನಿಂದ ಬದಲಿ ಟ್ಯಾಗ್ ತೆಗೆದುಕೊಳ್ಳಿ.

ಒಪ್ಪದಿದ್ದರೆ ವಾದ ಬೆಳೆಸಬೇಡಿ. ಲೇನಿನಿಂದ ಹಿಂದಕ್ಕೆ ತೆಗೆಯುವುದು, ಗಾಡಿಯಿಂದಿಳಿದು ಲೇನಿನ ನಡುವೆ ನಿಲ್ಲುವುದು, ಅಡ್ಡಗಂಬ (ಬೂಮ್) ಎತ್ತಿ ದಾಟುವುದು ಜೀವಕ್ಕೇ ಅಪಾಯ. ಕೇಳಿದ್ದನ್ನು ಕೊಟ್ಟು, ರಸೀದಿ ಪಡೆದು, ಬೂತ್ ನಂಬರ್ ಮತ್ತು ಸಮಯ ಬರೆದುಕೊಂಡು, ಮುಂದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 1033ಕ್ಕೆ ಕರೆ ಮಾಡಿ.

ಲಕ್ಷಣ: ವಾರ್ಷಿಕ ಪಾಸ್ ಇದ್ದರೂ ವಾಲೆಟ್‌ನಿಂದ ಹೋಗಿದೆ

2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿ, ಬೆಂಗಳೂರಿನ ನೈಸ್‌ನಂಥ ಖಾಸಗಿ ರಸ್ತೆ, ಪಾರ್ಕಿಂಗ್ ಇವಕ್ಕೆ ಎಂದಿನಂತೆ ವಾಲೆಟ್‌ನಿಂದಲೇ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲೇ ಹೋಗಿದ್ದರೆ ಉಳಿದ ಟ್ರಿಪ್ ಎಷ್ಟು ನೋಡಿ: ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಪಾಸ್ ಮುಗಿಯುತ್ತದೆ. ಸಾಮಾನ್ಯ ಪ್ಲಾಜಾದಲ್ಲಿ ಹೋಗಿಬಂದರೆ ಎರಡು ಟ್ರಿಪ್. ಒಳಬರುವಲ್ಲಿ ಮತ್ತು ಹೊರಹೋಗುವಲ್ಲಿ ಎರಡೂ ಕಡೆ ಓದುವ ರಸ್ತೆಯಲ್ಲಿ ಅವೆರಡೂ ಸೇರಿ ಒಂದು. ದಿನವೂ ಎರಡು ಟೋಲ್ ದಾಟಿ ಕೆಲಸಕ್ಕೆ ಹೋಗಿಬರುವವರಿಗೆ 200 ಟ್ರಿಪ್ 50 ದಿನಕ್ಕೆ ಮುಗಿಯುತ್ತದೆ. ಇದನ್ನು ಲೆಕ್ಕ ಹಾಕದೆ ಪಾಸ್ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ಲಕ್ಷಣ: ‘ಟೋಲ್ ಬಾಕಿ ಇದೆ, ಈ ಲಿಂಕ್ ಒತ್ತಿ’ ಎಂಬ ಮೆಸೇಜ್

ಲಿಂಕ್ ಒತ್ತಬೇಡಿ. ಬಾಕಿ ನಿಜವಾಗಿಯೂ ಇದ್ದರೆ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಸರ್ಕಾರಿ ತಾಣದಲ್ಲಿ ನೀವೇ ನಂಬರ್ ಹಾಕಿ ನೋಡಿದಾಗ ಕಾಣಬೇಕು. ಹಾಗೆಂದು ಎಲ್ಲ ನೋಟಿಸನ್ನೂ ಸುಳ್ಳೆಂದು ಬಿಸಾಡುವಂತಿಲ್ಲ. 2026ರ ಜನವರಿಯ ತಿದ್ದುಪಡಿಯ ನಂತರ, ಹೆದ್ದಾರಿ ಶುಲ್ಕ ಬಾಕಿ ಉಳಿಸಿಕೊಂಡ ಗಾಡಿಗೆ ಮಾಲೀಕತ್ವ ವರ್ಗಾವಣೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಫಿಟ್‌ನೆಸ್ ನವೀಕರಣ, ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ತಪ್ಪು ಬಾಕಿ ಎನಿಸಿದರೆ ಗಡುವಿನೊಳಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸಿ.

ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಮೊದಲು ಸಿಗುವ ‘ಫಾಸ್ಟ್ಯಾಗ್ ಕಸ್ಟಮರ್ ಕೇರ್’ ನಂಬರ್ ಎಷ್ಟೋ ಸಲ ವಂಚಕರದು. ಬ್ಯಾಂಕಿನ ನಂಬರನ್ನು ಅದರ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ರೀಫಂಡ್ ಕೊಡುವುದಕ್ಕೆ ಒಟಿಪಿ, ಯುಪಿಐ ಪಿನ್ ಯಾರಿಗೂ ಬೇಕಾಗಿಲ್ಲ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದ ಕೂಡಲೇ ಫೋನ್ ಇಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೂರು ಬರೆಯುವುದು, ಮೇಲಕ್ಕೆ ಒಯ್ಯುವುದು

‘ತಪ್ಪಾಗಿ ದುಡ್ಡು ಕಟ್ ಆಗಿದೆ, ವಾಪಸ್ ಕೊಡಿ’ ಎಂದು ಬರೆದ ದೂರು ಅಲ್ಲೇ ಉಳಿಯುತ್ತದೆ. ಬ್ಯಾಂಕಿನವರು ಪ್ಲಾಜಾ ಕಡೆಯ ಬ್ಯಾಂಕಿನ ಮೇಲೆ ಚಾರ್ಜ್‌ಬ್ಯಾಕ್ (ದುಡ್ಡು ವಾಪಸ್ ಕೇಳುವ ಕೋರಿಕೆ) ಹಾಕುವಾಗ ಕಾರಣವೊಂದನ್ನು ಆರಿಸಬೇಕಾಗುತ್ತದೆ. ಆ ಕಾರಣವನ್ನು ನೀವೇ ಹೇಳಿ: ‘ಒಂದೇ ವಹಿವಾಟು ಎರಡು ಸಲ’, ‘ನಗದೂ ಪಡೆದಿದ್ದಾರೆ’, ‘ವಾಹನದ ವರ್ಗ ತಪ್ಪು’, ‘ವಾಹನ ದಾಟೇ ಇಲ್ಲ’. ಅದರ ಜೊತೆ ಗಾಡಿ ನಂಬರ್, ಟ್ಯಾಗ್ ಐಡಿ, ವಹಿವಾಟಿನ ಐಡಿ, ಪ್ಲಾಜಾ, ರೀಡರ್ ಸಮಯ, ಕಟ್ ಆದ ಮೊತ್ತ, ಕಟ್ ಆಗಬೇಕಿದ್ದ ಮೊತ್ತ ಸೇರಿಸಿ. ಬೇರೆಬೇರೆ ಕಡಿತಗಳಿದ್ದರೆ ಒಂದೊಂದಕ್ಕೂ ಪ್ರತ್ಯೇಕ ದೂರು ಕೊಡಿ. ಒಟ್ಟಿಗೆ ಬರೆದರೆ ಒಂದನ್ನು ಬಗೆಹರಿಸಿ ಉಳಿದದ್ದನ್ನೂ ಮುಚ್ಚಿಬಿಡುತ್ತಾರೆ. ಕಂಡ ದಿನವೇ ಕೊಡುವುದು ಒಳ್ಳೆಯದು, ತಿಂಗಳು ದಾಟಿಸಬೇಡಿ. ಫೋನಿನಲ್ಲಿ ಹೇಳಿದ್ದರೂ ದೂರಿನ ಸಂಖ್ಯೆ ಬರೆದುಕೊಂಡು, ಅದನ್ನೇ ಇಮೇಲ್‌ನಲ್ಲಿ ಮತ್ತೊಮ್ಮೆ ಕಳಿಸಿ.

ಪ್ಲಾಜಾದ ವರ್ತನೆ, ಕೆಟ್ಟ ರೀಡರ್, ದರಪಟ್ಟಿಗಿಂತ ಹೆಚ್ಚು ವಸೂಲಿ ಇವು 1033ಕ್ಕೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಷ್ಟೇ. ರಾಜ್ಯ ಹೆದ್ದಾರಿ, ಖಾಸಗಿ ರಸ್ತೆಯಾದರೆ ಅದನ್ನು ನಡೆಸುವ ಸಂಸ್ಥೆಗೆ ಬರೆಯಬೇಕು; ದುಡ್ಡಿನ ದೂರು ಆಗಲೂ ಬ್ಯಾಂಕಿಗೇ.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಸಲ್ಲಿಸಿದರಾಯಿತು, ಮಾಹಿತಿಗೆ 14448. ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟ ದಾಖಲೆ ಇಲ್ಲದಿದ್ದರೆ ಅಲ್ಲಿ ನಿಮ್ಮ ಅರ್ಜಿ ನಿಲ್ಲುವುದಿಲ್ಲ.

ರೀಫಂಡ್ ಮಂಜೂರಾಗಿದೆ ಎಂಬ ಮೆಸೇಜ್ ಬಂದ ಮೇಲೆ ಉಳಿತಾಯ ಖಾತೆ ನೋಡುತ್ತಾ ಕೂರಬೇಡಿ. ದುಡ್ಡು ಯಾವ ಟ್ಯಾಗ್ ವಾಲೆಟ್‌ನಿಂದ ಹೋಗಿತ್ತೋ ಅಲ್ಲಿಗೇ ಜಮೆಯಾಗುತ್ತದೆ. ವಾಲೆಟ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ವಹಿವಾಟಿನ ಐಡಿ ಹುಡುಕಿ, ಪೂರ್ತಿ ಮೊತ್ತ ಬಂದಿದೆಯೇ ನೋಡಿ. ಟ್ಯಾಗ್ ಮುಚ್ಚಿಸುವ ಯೋಚನೆ ಇದ್ದರೆ ಅದು ಜಮೆಯಾಗುವ ತನಕ ಕಾಯಿರಿ.